ಮನೆಯ ವೈಫೈ ಸರಿಮಾಡಿಕೊಳ್ಳುವುದು ಹೇಗೆ? ಕರಾವಳಿಯ ಮನೆಗಳಿಗೊಂದು ಮಾರ್ಗದರ್ಶಿ

"ಹಾಲ್‌ನಲ್ಲಿ ಚೆನ್ನಾಗಿ ಬರುತ್ತದೆ, ಬೆಡ್‌ರೂಮಿಗೆ ಹೋದರೆ ಸುತ್ತುತ್ತಾ ಇರುತ್ತದೆ. ಪ್ಲಾನ್ ಜಾಸ್ತಿ ಮಾಡಿಸಬೇಕಾ?" ನನಗೆ ಬರುವ ಮೊದಲ ಪ್ರಶ್ನೆ ಇದು. "ನಮ್ಮ ವೈಫೈಯನ್ನು ಬೇರೆ ಯಾರೋ ಬಳಸುತ್ತಿದ್ದಾರೆ ಅಂತ ಅನುಮಾನ. ಕಂಡುಹಿಡಿಯುವುದು ಹೇಗೆ?" ಇದು ಎರಡನೆಯದು. ಬಿಜೈಯ ಫ್ಲಾಟ್‌ನವರೂ ಇದನ್ನೇ ಕೇಳುತ್ತಾರೆ, ಬ್ರಹ್ಮಾವರದ ತೋಟದ ಮನೆಯವರೂ ಇದನ್ನೇ ಕೇಳುತ್ತಾರೆ. ಮಣಿಪಾಲದಲ್ಲಿ ಪಿಜಿ ನಡೆಸುವವರು ಎರಡನ್ನೂ ಒಟ್ಟಿಗೆ ಕೇಳುತ್ತಾರೆ.

ಎರಡಕ್ಕೂ ಉತ್ತರ ಇರುವುದು ನಿಮ್ಮ ರೂಟರ್‌ನಲ್ಲೇ. ಕನೆಕ್ಷನ್ ಕೊಡಲು ಬಂದ ಹುಡುಗ ಅದನ್ನು ಗೋಡೆಗೆ ಹೊಡೆದು, ಒಂದು ಪಾಸ್‌ವರ್ಡ್ ಇಟ್ಟು, ಅದನ್ನು ವಾಟ್ಸಪ್ಪಿನಲ್ಲಿ ಕಳಿಸಿ ಹೋದ. ಅವತ್ತಿನಿಂದ ಯಾರೂ ಅದನ್ನು ಮುಟ್ಟಿಲ್ಲ, ಅಲ್ವಾ? ವಯರ್ ಎಲ್ಲಿ ಒಳಗೆ ಬಂತೋ ಅಲ್ಲೇ ಅವನು ಪೆಟ್ಟಿಗೆ ಹೊಡೆದ. ತನಗೆ ನೆನಪಿರುವ ಪಾಸ್‌ವರ್ಡನ್ನೇ ಇಟ್ಟ. ಅವನನ್ನು ದೂರಿ ಪ್ರಯೋಜನ ಇಲ್ಲ, ಅವನಿಗೆ ಅದೇ ದಿನ ಇನ್ನೂ ನಾಲ್ಕು ಮನೆ ಉಂಟು. ಆದರೆ ಮನೆ ನಿಮ್ಮದು. ಒಂದು ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೊಡಿ, ಇಡೀ ಕೆಲಸ ನೀವೇ ಮುಗಿಸಬಹುದು.

ಬೇಕಾಗುವುದು ಇಷ್ಟು: ಒಂದು ಫೋನ್, ಸಾಧ್ಯವಾದರೆ ಒಂದು ಲ್ಯಾಪ್‌ಟಾಪ್, ಎರಡು ಮೂರು ಮೀಟರಿನ ಲ್ಯಾನ್ ಕೇಬಲ್, ಒಂದು ನೋಟ್‌ಬುಕ್, ಪೆನ್ನು. ನೋಟ್‌ಬುಕ್ ಯಾಕೆ ಅಂತ ನಗಬೇಡಿ. ವೈಫೈ ಸೆಟ್ಟಿಂಗನ್ನು ಫೋನಿನಲ್ಲಿ ಬರೆದಿಟ್ಟು, ಆ ಫೋನಿಗೇ ನೆಟ್ ಇಲ್ಲದೆ ಪೇಚಾಡಿದವರನ್ನು ನೋಡಿದ್ದೇನೆ.

ಹಂತ 1: ಪೆಟ್ಟಿಗೆಯ ಪರಿಚಯ

ಹೊರಗಿನಿಂದ ಬರುವ ಇಂಟರ್‌ನೆಟ್ಟನ್ನು ಮನೆಯೊಳಗೆ ಹಂಚುವ ಪೆಟ್ಟಿಗೆಯೇ ರೂಟರ್. ನಿಮ್ಮದು ಫೈಬರ್ ಕನೆಕ್ಷನ್ ಆದರೆ ಕೂದಲೆಳೆಯಂಥ ಗಾಜಿನ ದಾರದಲ್ಲಿ ಬೆಳಕಾಗಿ ಬರುವ ಸಿಗ್ನಲ್ಲನ್ನು ವಿದ್ಯುತ್ ಸಿಗ್ನಲ್ ಮಾಡಲು ಒಎನ್‌ಟಿ ಅಂತ ಇನ್ನೊಂದು ಪೆಟ್ಟಿಗೆ ಬೇಕು. ಕೆಲವು ಮನೆಗಳಲ್ಲಿ ಎರಡೂ ಬೇರೆ ಬೇರೆ ಇರುತ್ತವೆ. ಈಗೀಗ ಎರಡನ್ನೂ ಒಂದೇ ಡಬ್ಬಿಯಲ್ಲಿ ಕೊಡುವುದು ಜಾಸ್ತಿ. ಇನ್ನು ಕೆಲವು ಕಡೆ ಕೇಬಲ್‌ನವರು ಕಂಬದ ಮೇಲಿನ ಪೆಟ್ಟಿಗೆಯಿಂದ ನೇರ ತಾಮ್ರದ ಲ್ಯಾನ್ ವಯರ್ ಎಳೆದಿರುತ್ತಾರೆ. ನಿಮ್ಮದು ಯಾವುದು ಅಂತ ಈಗಲೇ ನೋಡಿಕೊಳ್ಳಿ, ಸಿಡಿಲಿನ ಮಾತು ಬಂದಾಗ ಇದು ಬೇಕಾಗುತ್ತದೆ.

ರೂಟರನ್ನು ಮಗುಚಿದರೆ ಹಿಂದೆ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಮಾಡೆಲ್ ನಂಬರ್, ವೈಫೈ ಹೆಸರು, ವೈಫೈ ಪಾಸ್‌ವರ್ಡ್, ಮತ್ತೆ 192.168.1.1 ಅಥವಾ 192.168.0.1 ತರದ ಒಂದು ವಿಳಾಸ, ಅದರ ಕೆಳಗೆ ಒಂದು ಯೂಸರ್ ನೇಮ್ ಇರುತ್ತದೆ. ಫೋಟೋ ತೆಗೆದುಕೊಳ್ಳಿ.

ಎಚ್ಚರಿಕೆ ಎರಡು. ಫೈಬರ್ ದಾರವನ್ನು ಬಿಗಿಯಾಗಿ ಮಡಚಬೇಡಿ, ಒಳಗಿನ ಗಾಜು ಒಡೆಯುತ್ತದೆ. ಅದರ ತುದಿ ಕಳಚಿಕೊಂಡರೆ ಒಳಗೆ ಬೆಳಕು ಕಾಣುತ್ತದಾ ಅಂತ ಕಣ್ಣಿನ ಹತ್ತಿರ ಹಿಡಿದು ನೋಡಲೇಬೇಡಿ. ಅದು ಕಣ್ಣಿಗೆ ಕಾಣದ ಲೇಸರ್.

ಹಂತ 2: ಪ್ಲಾನ್ ತಪ್ಪೋ, ಜಾಗ ತಪ್ಪೋ?

ಮೊದಲು ಒಂದು ಚಿಕ್ಕ ಪರೀಕ್ಷೆ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರ ರೂಟರ್‌ಗೆ ಜೋಡಿಸಿ ಸ್ಪೀಡ್ ಟೆಸ್ಟ್ ಮಾಡಿ. ಕೇಬಲ್‌ನಲ್ಲಿ ಪ್ಲಾನಿನ ಸ್ಪೀಡ್ ಸರಿಯಾಗಿ ಬಂದರೆ ಕಂಪನಿಯವರದ್ದೇನೂ ತಪ್ಪಿಲ್ಲ. ತೊಂದರೆ ಮನೆಯೊಳಗೆ ಇದೆ. ಪ್ಲಾನ್ ಜಾಸ್ತಿ ಮಾಡಿಸಿದರೆ ದುಡ್ಡು ದಂಡ.

ಲೆಕ್ಕದಲ್ಲಿ ಮೋಸ ಹೋಗಬೇಡಿ. ಪ್ಲಾನಿನಲ್ಲಿ ಹೇಳುವುದು ಮೆಗಾಬಿಟ್, ಡೌನ್‌ಲೋಡ್ ಆಗುವಾಗ ಕಂಪ್ಯೂಟರ್ ತೋರಿಸುವುದು ಸಾಮಾನ್ಯವಾಗಿ ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 100ರ ಪ್ಲಾನಿನಲ್ಲಿ ಸೆಕೆಂಡಿಗೆ 12 ಮೆಗಾಬೈಟ್ ಬಂದರೆ ಅದು ಪೂರ್ತಿ ಸ್ಪೀಡೇ. ಇನ್ನೊಂದು: 200ರ ಪ್ಲಾನ್ ಇದ್ದೂ ಕೇಬಲ್‌ನಲ್ಲಿ 95ರ ಹತ್ತಿರವೇ ನಿಂತರೆ, ರೂಟರ್‌ನ ಪೋರ್ಟ್ ಹಳೇ ಕಾಲದ 100ರದ್ದು, ಅಥವಾ ಕೇಬಲ್‌ನ ಎಂಟು ಎಳೆಗಳಲ್ಲಿ ಒಂದೆರಡು ಕೈಕೊಟ್ಟಿವೆ. ಉಳ್ಳಾಲ, ಮಲ್ಪೆಯಂಥ ಸಮುದ್ರದ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿಗೆ ಕೇಬಲ್ ತುದಿಯ ಪಿನ್ ಹಸಿರುಗಟ್ಟಿರುತ್ತದೆ. ತುದಿ ಕತ್ತರಿಸಿ ಹೊಸದು ಹಾಕಿಸಿದರೆ ಸಾಕು.

ಈಗ ಗೋಡೆಯ ವಿಷಯ. ವೈಫೈ ಅಂದರೆ ರೇಡಿಯೋ ಅಲೆ, ಬೇರೇನಲ್ಲ. ಈಗಿನ ಹೆಚ್ಚಿನ ರೂಟರ್‌ಗಳು ಎರಡು ಬ್ಯಾಂಡಿನಲ್ಲಿ ಮಾತಾಡುತ್ತವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಬ್ಯಾಂಡ್ ಅಂದರೆ ಅಲೆಗಳ ಓಣಿ ಅಂತ ಇಟ್ಟುಕೊಳ್ಳಿ. 2.4ರ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, 5ರದ್ದು ಅದರ ಅರ್ಧ. ಉದ್ದ ಅಲೆ ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ಸ್ಪೀಡ್ ಕಮ್ಮಿ. ಗಿಡ್ಡ ಅಲೆಗೆ ಸ್ಪೀಡ್ ಜಾಸ್ತಿ, ಗೋಡೆ ಬಂದರೆ ಸುಸ್ತು.

ಸಪೂರ ಇಟ್ಟಿಗೆ ಗೋಡೆಯ ಮನೆಗೂ ನಮ್ಮ ಕಡೆಯ ಮನೆಗೂ ವ್ಯತ್ಯಾಸ ಇರುವುದು ಇಲ್ಲಿಯೇ. ನಮ್ಮಲ್ಲಿ ಹಳೇ ಮನೆ ಅಂದರೆ ಕೆಂಪುಕಲ್ಲಿನ ದಪ್ಪ ಗೋಡೆ. ಕೆಂಪುಕಲ್ಲು ತೂತುತೂತಾಗಿರುವ ಕಲ್ಲು, ಮಳೆಗಾಲದಲ್ಲಿ ನೀರು ಹೀರಿಕೊಳ್ಳುತ್ತದೆ. ನೀರು ವೈಫೈ ಅಲೆಯನ್ನು ತಿನ್ನುತ್ತದೆ. ಮೇ ತಿಂಗಳಲ್ಲಿ ಒಳಕೋಣೆಗೆ ಹೇಗೋ ತಲುಪುತ್ತಿದ್ದ ಸಿಗ್ನಲ್ ಜುಲೈಯಲ್ಲಿ ಸೋತುಹೋಗುವುದಕ್ಕೆ ಇದೂ ಒಂದು ಕಾರಣ. ಮಂಗಳೂರು ಹಂಚಿನ ಮಾಡು ಅಷ್ಟೊಂದು ತಡೆಯುವುದಿಲ್ಲ. ಕಾಂಕ್ರೀಟ್ ಸ್ಲ್ಯಾಬ್ ತಡೆಯುತ್ತದೆ, ಯಾಕೆಂದರೆ ಅದರೊಳಗೆ ಕಬ್ಬಿಣದ ಬಲೆಯೇ ಇದೆ.

ಹಾಗಾದರೆ ರೂಟರ್ ಎಲ್ಲಿರಬೇಕು? ಮನೆಯ ನಡುವಿನಲ್ಲಿ, ಎದೆಯೆತ್ತರಕ್ಕಿಂತ ಸ್ವಲ್ಪ ಮೇಲೆ, ಬಯಲಿನಲ್ಲಿ. ಟಿವಿ ಹಿಂದೆ ಬೇಡ. ಕಬ್ಬಿಣದ ಕಪಾಟಿನ ಮೇಲೆ ಬೇಡ. ಫ್ರಿಡ್ಜ್, ದೊಡ್ಡ ಕನ್ನಡಿ, ಮೀನಿನ ಅಕ್ವೇರಿಯಂ ಪಕ್ಕವೂ ಬೇಡ. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ 2.4ರ ಆಸುಪಾಸಿನಲ್ಲೇ, ಹಾಗಾಗಿ ಅಡುಗೆಮನೆಯಿಂದ ದೂರ ಇಡಿ. ಚೆಂದ ಕಾಣುವುದಿಲ್ಲ ಅಂತ ಶೋಕೇಸಿನೊಳಗೆ ಮುಚ್ಚಿಟ್ಟವರಿಗೆ ನಾನು ಹೇಳುವುದು ಒಂದೇ: ಚೆಂದ ಬೇಕಾ, ನೆಟ್ ಬೇಕಾ?

ರೂಟರ್ ಸರಿಸಲು ಫೈಬರ್ ಉದ್ದ ಸಾಲದಿದ್ದರೆ ಒಎನ್‌ಟಿ ಇದ್ದಲ್ಲೇ ಇರಲಿ. ಅಲ್ಲಿಂದ ಲ್ಯಾನ್ ಕೇಬಲ್ ಎಳೆದು ಇನ್ನೊಂದು ರೂಟರನ್ನು ನಡುಮನೆಯಲ್ಲಿ ಇಡಬಹುದು. ಅಂಗಡಿಯಲ್ಲಿ ಸಿಗುವ, ಪ್ಲಗ್ಗಿಗೆ ಚುಚ್ಚುವ ರಿಪೀಟರ್ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಒಂದೇ ಅಲೆಯಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಕೂಗುವ ಅಗ್ಗದ ರಿಪೀಟರ್‌ನಲ್ಲಿ ಸ್ಪೀಡ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸಿಗ್ನಲ್ ಸತ್ತ ಮೂಲೆಯಲ್ಲೇ ಅದನ್ನು ಚುಚ್ಚುವುದು ಇನ್ನೊಂದು ತಪ್ಪು. ಸತ್ತ ಸಿಗ್ನಲ್ಲನ್ನು ಅದು ಎಲ್ಲಿಂದ ಹಂಚುತ್ತದೆ? ಮೆಶ್, ಅಂದರೆ ಒಂದೇ ಹೆಸರಿನಲ್ಲಿ ಕೆಲಸ ಮಾಡುವ ಎರಡು ಮೂರು ರೂಟರ್‌ಗಳ ಸೆಟ್, ಇದಕ್ಕಿಂತ ಒಳ್ಳೆಯದು. ಅವುಗಳನ್ನೂ ಕೇಬಲ್‌ನಲ್ಲೇ ಜೋಡಿಸಿದರೆ ಮಾತೇ ಇಲ್ಲ.

ತೋಟದ ಆಚೆ ಇನ್ನೊಂದು ಮನೆಯೋ ಹೋಮ್‌ಸ್ಟೇ ಕೋಣೆಯೋ ಇದ್ದರೆ ಗಾಳಿಯಲ್ಲಿ ಕಳಿಸುವ ಆಸೆ ಬಿಡಿ. ಮಳೆಗೆ ನೆನೆದ ತೆಂಗು, ಅಡಿಕೆ ಸೋಗೆಗಳ ನಡುವೆ ಸಿಗ್ನಲ್ ನಿಲ್ಲುವುದಿಲ್ಲ. ಲ್ಯಾನ್ ಕೇಬಲ್‌ಗೆ 100 ಮೀಟರ್ ಮಿತಿ. ಎರಡು ಕಟ್ಟಡಗಳ ನಡುವೆ ತಾಮ್ರದ ವಯರ್ ಸಿಡಿಲನ್ನೂ ಹೊತ್ತು ತರಬಹುದು. ಪೈಪಿನೊಳಗೆ ಫೈಬರ್ ಎಳೆಸುವುದೇ ಸರಿ.

ಫ್ಲಾಟಿನಲ್ಲಿ ಇರುವವರ ಕಷ್ಟ ಬೇರೆ. ಅಲ್ಲಿ ಗೋಡೆಗಿಂತ ನೆರೆಮನೆಯ ರೂಟರ್‌ಗಳ ಗದ್ದಲ ಜಾಸ್ತಿ. 2.4ರ ಓಣಿಯಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್ ಇವೆ, ಆದರೆ ಒಂದಕ್ಕೊಂದು ಮೈ ತಾಗದೆ ನಿಲ್ಲುವುದು 1, 6, 11 ಮಾತ್ರ. ಈ ಮೂರರಲ್ಲಿ ಯಾವುದು ಖಾಲಿ ಅಂತ ಯಾವುದಾದರೂ ವೈಫೈ ಅನಲೈಸರ್ ಆ್ಯಪ್‌ನಲ್ಲಿ ನೋಡಿ, ರೂಟರ್‌ನ ಸೆಟ್ಟಿಂಗಿನಲ್ಲಿ (ಒಳಗೆ ಹೋಗುವ ದಾರಿ ಹಂತ 3ರಲ್ಲಿದೆ) ಅದನ್ನು ಆರಿಸಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ. ಅದೇ ಆ್ಯಪ್ ಸಿಗ್ನಲ್ಲನ್ನು ಮೈನಸ್ ಅಂಕೆಯಲ್ಲಿ ತೋರಿಸುತ್ತದೆ: ಮೈನಸ್ 50 ಭರ್ಜರಿ, ಮೈನಸ್ 67 ಸಾಕು, ಮೈನಸ್ 80 ಅಂದರೆ ವಿಡಿಯೋ ಕಾಲ್ ಆಸೆ ಬಿಡಿ. ರೂಟರ್ ಪಕ್ಕದ ಕೋಣೆಯಲ್ಲಿ ಟಿವಿ, ಲ್ಯಾಪ್‌ಟಾಪ್ 5ರಲ್ಲಿ ಇರಲಿ.

ಹಂತ 3: ರೂಟರ್‌ನ ಒಳಗೆ ಹೋಗುವುದು

ಇನ್ನು ಮುಂದಿನದ್ದೆಲ್ಲ ಭದ್ರತೆಯ ಕೆಲಸ. ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈಗೆ ಸೇರಿ, ಬ್ರೌಸರ್‌ನ ಮೇಲಿನ ಪಟ್ಟಿಯಲ್ಲಿ ಸ್ಟಿಕ್ಕರ್ ಮೇಲಿದ್ದ ವಿಳಾಸ ಹೊಡೆಯಿರಿ. ಹುಡುಕುವ ಡಬ್ಬಿಯಲ್ಲಿ ಹೊಡೆಯಬೇಡಿ. ಅಲ್ಲಿ ಹೊಡೆದರೆ ಜಾಹೀರಾತುಗಳು, ರೂಟರ್ ಸಪೋರ್ಟ್ ಅಂತ ಹೇಳಿಕೊಳ್ಳುವ ಯಾರ್ಯಾರದ್ದೋ ನಂಬರ್‌ಗಳು ಬರುತ್ತವೆ. ಆ ನಂಬರಿಗೆ ಫೋನ್ ಮಾಡಿದಿರೋ, ಕಥೆ ಮುಗಿಯಿತು.

ವಿಳಾಸ ತೆರೆದುಕೊಳ್ಳದಿದ್ದರೆ ಫೋನಿನ ವೈಫೈ ಸೆಟ್ಟಿಂಗಿನಲ್ಲಿ ನಿಮ್ಮ ನೆಟ್‌ವರ್ಕ್ ಹೆಸರು ಒತ್ತಿ, ಗೇಟ್‌ವೇ ಅಂತ ಬರೆದ ಕಡೆ ನೋಡಿ. ಅಲ್ಲಿರುವುದೇ ರೂಟರ್‌ನ ವಿಳಾಸ. ಪುಟ ತೆರೆಯುವಾಗ ಸುರಕ್ಷಿತವಲ್ಲ ಅಂತ ಬ್ರೌಸರ್ ಹೇಳಿದರೆ ಇಲ್ಲಿಯ ಮಟ್ಟಿಗೆ ಹೆದರಬೇಕಾಗಿಲ್ಲ, ನೀವು ಮಾತಾಡುತ್ತಿರುವುದು ಮನೆಯೊಳಗಿನ ಪೆಟ್ಟಿಗೆಯ ಜೊತೆ.

ಇಲ್ಲಿ ಎಲ್ಲರೂ ಬೀಳುವ ಗುಂಡಿ ಒಂದಿದೆ: ರಿಸೆಟ್ ಬಟನ್. ರೂಟರ್ ಹಿಂದೆ ಸೂಜಿ ಹಾಕುವಷ್ಟು ಸಣ್ಣ ತೂತು ಇರುತ್ತದೆ. ಪಾಸ್‌ವರ್ಡ್ ನೆನಪಿಲ್ಲ ಅಂತ ಅದನ್ನು ಹತ್ತು ಸೆಕೆಂಡ್ ಒತ್ತಿದರೆ ವೈಫೈ ಪಾಸ್‌ವರ್ಡಿನ ಜೊತೆ ಕಂಪನಿಯವರು ಹಾಕಿಟ್ಟ ಕನೆಕ್ಷನ್ ವಿವರವೂ ಅಳಿಸಿಹೋಗಬಹುದು. ಕುಂಜಿಬೆಟ್ಟಿನಲ್ಲಿರುವ ಅತ್ತೆ ಮನೆಯಲ್ಲಿ ನಾನೇ ಹೀಗೆ ಮಾಡಿ, ಎರಡು ದಿನ ಅವರ ಧಾರಾವಾಹಿ ತಪ್ಪಿಸಿ ಬೈಸಿಕೊಂಡಿದ್ದೇನೆ. ಆದ್ದರಿಂದ ಮೊದಲು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ನಿಮ್ಮ ಪಿಪಿಪಿಒಇ ಯೂಸರ್ ನೇಮ್, ಪಾಸ್‌ವರ್ಡ್ ಕೇಳಿ ಬರೆದಿಟ್ಟುಕೊಳ್ಳಿ. ಪಿಪಿಪಿಒಇ ಅಂದರೆ ನಿಮ್ಮ ರೂಟರ್, ಇಂಟರ್‌ನೆಟ್ ಕೊಡುವ ಕಂಪನಿಗೆ ತೋರಿಸುವ ಗುರುತಿನ ಚೀಟಿ.

ಹಂತ 4: ಎರಡು ಪಾಸ್‌ವರ್ಡ್, ಎರಡು ಬಾಗಿಲು

ನಾನು ನೋಡಿದ ಮನೆಗಳಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ವೈಫೈ ಪಾಸ್‌ವರ್ಡ್ ಬೇರೆ, ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬೇರೆ. ಮೊದಲನೆಯದು ಮನೆಯೊಳಗೆ ಬರಲು, ಎರಡನೆಯದು ಮನೆಯ ಬೀಗವನ್ನೇ ಬದಲಿಸಲು. ಜನ ಮೊದಲನೆಯದನ್ನು ಆಗಾಗ ಬದಲಿಸುತ್ತಾರೆ, ಎರಡನೆಯದು ಅಡ್ಮಿನ್ ಎಂದೇ ಉಳಿದಿರುತ್ತದೆ. ಯೂಸರ್ ನೇಮೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್!

ಇದರಿಂದ ಏನಾಗುತ್ತದೆ? 2016ರಲ್ಲಿ ಮಿರಾಯ್ ಅನ್ನುವ ದುಷ್ಟ ಪ್ರೋಗ್ರಾಂ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಕ್ಯಾಮೆರಾ, ರೂಟರ್‌ಗಳನ್ನು ಹಿಡಿದುಹಾಕಿತು. ಅದರ ಹತ್ತಿರ ದೊಡ್ಡ ವಿದ್ಯೆ ಏನೂ ಇರಲಿಲ್ಲ. ಫ್ಯಾಕ್ಟರಿಯಲ್ಲೇ ಇಟ್ಟು ಕಳಿಸಿದ ಅರುವತ್ತು ಚಿಲ್ಲರೆ ಯೂಸರ್ ನೇಮ್, ಪಾಸ್‌ವರ್ಡ್ ಜೋಡಿಗಳ ಪಟ್ಟಿ ಇತ್ತು, ಅಷ್ಟೇ. ಅಂಗಳದ ಸಿಸಿಟಿವಿಯ ಪಾಸ್‌ವರ್ಡನ್ನೂ ಇದೇ ಹೊತ್ತಿಗೆ ಬದಲಿಸಿಬಿಡಿ.

ಅಡ್ಮಿನ್‌ಗೆ ಒಳ್ಳೆಯ ಉದ್ದ ಪಾಸ್‌ವರ್ಡ್ ಇಟ್ಟು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಇದನ್ನು ಯಾರಿಗೂ ಕೊಡುವ ಸಂದರ್ಭವೇ ಬರುವುದಿಲ್ಲ, ಮಕ್ಕಳಿಗೂ ಸಹ.

ಹಂತ 5: ವೈಫೈಗೆ ಗಟ್ಟಿ ಬೀಗ

ವಯರ್‌ಲೆಸ್ ಅಂತ ಬರೆದ ಪುಟಕ್ಕೆ ಹೋಗಿ. ಎಸ್‌ಎಸ್‌ಐಡಿ ಅಂತ ಕಾಣುವುದು ವೈಫೈ ಹೆಸರು. ಅದರಲ್ಲಿ ಫ್ಲಾಟ್ ನಂಬರ್, ಮನೆ ಹೆಸರು, ನಿಮ್ಮ ಹೆಸರು ಬೇಡ. ಬೀದಿಯಲ್ಲಿ ಹೋಗುವವರಿಗೆಲ್ಲ ಇದು ಯಾರ ಮನೆ ಅಂತ ಬೋರ್ಡ್ ಯಾಕೆ?

ಆಮೇಲೆ ಸೆಕ್ಯುರಿಟಿ ಅನ್ನುವ ಪಟ್ಟಿ. ಅದರಲ್ಲಿ ಕಾಣುವುದು ವೈಫೈ ಬೀಗದ ಬೇರೆ ಬೇರೆ ತಲೆಮಾರುಗಳು. ಡಬ್ಲ್ಯುಇಪಿ ಬಂದದ್ದು 1997ರಲ್ಲಿ, 2001ರಲ್ಲೇ ಅದನ್ನು ಒಡೆಯುವ ದಾರಿ ಹೊರಬಿತ್ತು. ಈಗ ಅದು ದಾರದ ಗಂಟು, ಬೀಗವಲ್ಲ. 2003ರ ಡಬ್ಲ್ಯುಪಿಎ ಅವಸರಕ್ಕೆ ಮಾಡಿದ ರಿಪೇರಿ. 2004ರ ಡಬ್ಲ್ಯುಪಿಎ2 ಇವತ್ತಿಗೂ ನಡೆಯುತ್ತದೆ. 2018ರಲ್ಲಿ ಬಂದ ಡಬ್ಲ್ಯುಪಿಎ3 ಎಲ್ಲಕ್ಕಿಂತ ಗಟ್ಟಿ. ನಿಮ್ಮ ಪಟ್ಟಿಯಲ್ಲಿ ಡಬ್ಲ್ಯುಪಿಎ2 ಮತ್ತು 3 ಒಟ್ಟಿಗೆ ಇರುವ ಆಯ್ಕೆ ಇದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ ಡಬ್ಲ್ಯುಪಿಎ2 ಎಇಎಸ್. ಟಿಕೆಐಪಿ ಅಂತ ಬರೆದದ್ದನ್ನು ಮುಟ್ಟಬೇಡಿ. ಡಬ್ಲ್ಯುಪಿಎ3 ಒಂದನ್ನೇ ಇಟ್ಟರೆ ಹಳೇ ಪ್ರಿಂಟರ್, ಹಳೇ ಟಿವಿ ಸೇರಿಕೊಳ್ಳುವುದಿಲ್ಲ. ಡಬ್ಲ್ಯುಇಪಿ, ಡಬ್ಲ್ಯುಪಿಎ ಬಿಟ್ಟು ಬೇರೇನೂ ಇಲ್ಲದ ರೂಟರ್ ಆದರೆ ಸುಮ್ನೆ ಗುಜರಿಗೆ ಹಾಕಿ.

ಇನ್ನು ಪಾಸ್‌ವರ್ಡ್. ಇಲ್ಲಿ ಸ್ವಲ್ಪ ನಿಧಾನಿಸೋಣ. ಡಬ್ಲ್ಯುಪಿಎ2ರಲ್ಲಿ ನಿಮ್ಮ ಫೋನ್ ರೂಟರ್‌ಗೆ ಸೇರುವಾಗ ಇಬ್ಬರ ನಡುವೆ ನಾಲ್ಕು ಮಾತು ನಡೆಯುತ್ತದೆ. ಇದಕ್ಕೆ ಹ್ಯಾಂಡ್‌ಶೇಕ್ ಅನ್ನುತ್ತಾರೆ. ಗೇಟಿನ ಹೊರಗೆ ಲ್ಯಾಪ್‌ಟಾಪ್ ಹಿಡಿದು ನಿಂತವನು ಆ ಮಾತನ್ನು ಹಿಡಿದುಕೊಂಡು ಮನೆಗೆ ಹೋಗಬಹುದು. ಆಮೇಲೆ ಆರಾಮವಾಗಿ ಕೂತು, ಒಂದೊಂದೇ ಪಾಸ್‌ವರ್ಡ್ ಹಾಕಿ ತಾಳೆ ನೋಡಬಹುದು. ನಿಮ್ಮ ರೂಟರ್‌ಗೆ ಇದು ಗೊತ್ತೇ ಆಗುವುದಿಲ್ಲ. ಗೇಮ್ ಆಡುವ ಒಳ್ಳೆಯ ಕಂಪ್ಯೂಟರ್‌ನ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಲಕ್ಷಗಟ್ಟಲೆ ಪ್ರಯತ್ನ ಮಾಡುತ್ತದೆ. 5 ಲಕ್ಷ ಅಂತ ಇಟ್ಟುಕೊಂಡು ಲೆಕ್ಕ ಹಾಕಿ.

ನಮ್ಮ ಕಡೆ ತುಂಬ ಜನ ಗಾಡಿ ನಂಬರ್ ಇಡುತ್ತಾರೆ. ಮಂಗಳೂರಾದರೆ ಕೆಎ 19, ಉಡುಪಿಯಾದರೆ ಕೆಎ 20, ಅದು ಊಹಿಸುವುದಕ್ಕೇ ಬೇಡ. ಉಳಿದದ್ದು ಎರಡು ಅಕ್ಷರ, ನಾಲ್ಕು ಅಂಕೆ. ಒಟ್ಟು 67 ಲಕ್ಷ 60 ಸಾವಿರ ಸಾಧ್ಯತೆ. ಹದಿನಾಲ್ಕು ಸೆಕೆಂಡ್ ಸಾಕು. ಹುಟ್ಟಿದ ದಿನಾಂಕವೋ? ನೂರು ವರ್ಷಕ್ಕೆ ಮೂವತ್ತಾರೂವರೆ ಸಾವಿರ ದಿನ, ಕಣ್ಣು ಮಿಟುಕಿಸುವ ಮುಂಚೆ ಮುಗಿಯಿತು. ಮೊಬೈಲ್ ನಂಬರ್ ಗಟ್ಟಿ ಅನಿಸುತ್ತದೆ, ಹತ್ತು ಅಂಕೆ ಇದೆಯಲ್ಲ! ನಮ್ಮ ದೇಶದ ಮೊಬೈಲ್ ನಂಬರ್ ಶುರುವಾಗುವುದು 6, 7, 8, 9ರಿಂದ ಮಾತ್ರ. ಎಲ್ಲ ಸೇರಿ 400 ಕೋಟಿ. ಎರಡು ಕಾಲು ಗಂಟೆಯೊಳಗೆ ಪೂರ್ತಿ ಜಾಲಾಡಿ ಆಯಿತು. ಅಷ್ಟು ಹೊತ್ತೂ ಬೇಡ, ನಿಮ್ಮ ನಂಬರ್ ಗೇಟಿನಲ್ಲಿ "ಮನೆ ಬಾಡಿಗೆಗಿದೆ" ಬೋರ್ಡಿನ ಮೇಲೆಯೇ ಇದ್ದರೆ?

ಹಾಗಾದರೆ ಏನಿಡಬೇಕು? ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಪದ, ನಡುವೆ ಒಂದು ಅಂಕೆ. ಪತ್ರೊಡೆ, ಲಂಗರು, ಎಮ್ಮೆ, ಸ್ಟೂಲು, ಈ ತರ. ತುಳು, ಕೊಂಕಣಿ, ಬ್ಯಾರಿ ಮಾತು ಬರುವವರಿಗೆ ಇನ್ನೂ ಸುಲಭ. ನಮ್ಮ ಮನೆಮಾತಿನ ಪದಗಳು ಒಡೆಯುವವರ ಇಂಗ್ಲಿಷ್ ಪಟ್ಟಿಯಲ್ಲಿ ಸಿಗುವುದು ಕಷ್ಟ. ಕನ್ನಡ ಲಿಪಿಯಲ್ಲಿ ಪಾಸ್‌ವರ್ಡ್ ಇಡಲು ಹೋಗಬೇಡಿ, ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. 8ರಿಂದ 63 ಅಕ್ಷರದವರೆಗೆ ಜಾಗ ಇದೆ, 20 ದಾಟಿದರೆ ಚೆನ್ನ. ಟಿವಿ ರಿಮೋಟಿನಲ್ಲಿ ಹೊಡೆಯುವಾಗ ವಿಚಿತ್ರ ಚಿಹ್ನೆಗಳು ಪ್ರಾಣ ಹಿಂಡುತ್ತವೆ, ಅವು ಬೇಡ. ಮತ್ತೆ, ಪತ್ರೊಡೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಅಪ್ಪ ಒಂದು ತರ ಬರೆಯುತ್ತಾರೆ, ಮಗಳು ಇನ್ನೊಂದು ತರ. ಯಾವ ತರ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೇಲೆ ಬರೆದ ನಾಲ್ಕು ಪದ ಬಿಟ್ಟು ಬೇರೆ ಹುಡುಕಿ ಅಂತ ಹೇಳಬೇಕಾಗಿಲ್ಲ ತಾನೇ?

"ನಮ್ಮ ಮನೆಯಲ್ಲಿ ಕದಿಯುವುದಕ್ಕೆ ಏನಿದೆ" ಅನ್ನುವವರಿಗೆ ಒಂದು ಹಳೇ ಘಟನೆ. 2008ರ ಜುಲೈಯಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಸ್ವಲ್ಪ ಮುಂಚೆ ಬಂದ ಬೆದರಿಕೆ ಇಮೇಲ್ ಹೋದದ್ದು ನವಿ ಮುಂಬೈಯಲ್ಲಿ ವಾಸವಿದ್ದ ಒಬ್ಬ ಅಮೆರಿಕನ್ನರ ವೈಫೈ ಮೂಲಕ. ಅವರಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಆದರೆ ತನಿಖೆಯವರು ಮೊದಲು ತಟ್ಟಿದ್ದು ಅವರ ಮನೆ ಬಾಗಿಲನ್ನೇ. ಹೊರಗಿನವರಿಗೆ ಕಾಣುವುದು ನಿಮ್ಮ ಕನೆಕ್ಷನ್‌ನ ವಿಳಾಸ, ಫೋನ್ ಯಾರ ಕೈಯಲ್ಲಿತ್ತು ಅಂತಲ್ಲ.

ಹಂತ 6: ಮುಚ್ಚಬೇಕಾದ ಕಿಂಡಿಗಳು

ಡಬ್ಲ್ಯುಪಿಎಸ್ ಆಫ್ ಮಾಡಿ. ಬಟನ್ ಒತ್ತಿ ಅಥವಾ 8 ಅಂಕೆಯ ಪಿನ್ ಹಾಕಿ ಸೇರುವ ಸೌಲಭ್ಯ ಇದು. 8 ಅಂಕೆ ಅಂದರೆ ಹತ್ತು ಕೋಟಿ ಸಾಧ್ಯತೆ ಇರಬೇಕಿತ್ತು. ಆದರೆ ರೂಟರ್ ಮೊದಲ ನಾಲ್ಕು ಅಂಕೆ ಸರಿಯೋ ತಪ್ಪೋ ಅಂತ ಬೇರೆಯಾಗಿ ಹೇಳಿಬಿಡುತ್ತದೆ, ಕೊನೆಯ ಅಂಕೆ ಉಳಿದವುಗಳ ಲೆಕ್ಕದಿಂದಲೇ ಸಿಗುತ್ತದೆ. ಹೀಗಾಗಿ 10,000 ಮತ್ತು 1,000, ಒಟ್ಟು 11,000 ಪ್ರಯತ್ನ ಸಾಕು ಅಂತ 2011ರಲ್ಲೇ ಬಯಲಾಯಿತು. ನಿಮ್ಮ ನಾಲ್ಕು ಪದದ ಪಾಸ್‌ವರ್ಡ್ ಎಷ್ಟು ಗಟ್ಟಿ ಇದ್ದರೇನು, ಹಿಂಬಾಗಿಲು ತೆರೆದಿದ್ದರೆ?

ರಿಮೋಟ್ ಮ್ಯಾನೇಜ್‌ಮೆಂಟ್, ಅಂದರೆ ಹೊರಗಿನಿಂದ ರೂಟರ್ ಒಳಗೆ ಬರುವ ದಾರಿ, ಅದನ್ನೂ ಆಫ್ ಮಾಡಿ. ಯುಪಿಎನ್‌ಪಿ, ಅಂದರೆ ಒಳಗಿನ ಸಾಧನಗಳು ನಿಮ್ಮನ್ನು ಕೇಳದೆ ಹೊರಗಿನವರಿಗೆ ದಾರಿ ತೆರೆಯುವ ಸೌಲಭ್ಯ, ಅದನ್ನೂ ಆಫ್ ಮಾಡಿ, ಗೇಮ್ ಆಡುವವರು ಗಲಾಟೆ ಮಾಡದಿದ್ದರೆ. ಫರ್ಮ್‌ವೇರ್ ಅಪ್‌ಡೇಟ್ ಇದ್ದರೆ ಹಾಕಿ. ಫರ್ಮ್‌ವೇರ್ ಅಂದರೆ ರೂಟರ್‌ನ ಒಳಗಿನ ಸಾಫ್ಟ್‌ವೇರ್. 2017ರಲ್ಲಿ ಡಬ್ಲ್ಯುಪಿಎ2ರಲ್ಲೇ ಕ್ರ್ಯಾಕ್ ಅನ್ನುವ ದೋಷ ಸಿಕ್ಕಾಗ ಅಪ್‌ಡೇಟ್ ಹಾಕುವುದೇ ಪರಿಹಾರವಾಗಿತ್ತು. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ರೂಟರ್ ಕಲ್ಲಾಗಿ ಕೂರಬಹುದು. ಮಳೆ ಗಾಳಿಯ ದಿನ ಈ ಕೆಲಸ ಬೇಡ ಮಾರಾಯ್ರೆ.

ವೈಫೈ ಹೆಸರನ್ನು ಮುಚ್ಚಿಡುವುದು, ಗೊತ್ತಿರುವ ಮ್ಯಾಕ್ ವಿಳಾಸಕ್ಕೆ ಮಾತ್ರ ಬಿಡುವುದು, ಇವೆರಡನ್ನು ಕೆಲವರು ದೊಡ್ಡ ಭದ್ರತೆ ಅಂತ ಹೇಳುತ್ತಾರೆ. ಮ್ಯಾಕ್ ವಿಳಾಸ ಅಂದರೆ ಪ್ರತಿ ಸಾಧನದ ಚಾಸಿಸ್ ನಂಬರ್ ಇದ್ದ ಹಾಗೆ. ಮುಚ್ಚಿಟ್ಟ ಹೆಸರನ್ನು ಹುಡುಕುವುದೂ ಸುಲಭ, ಮ್ಯಾಕ್ ವಿಳಾಸವನ್ನು ನಕಲು ಮಾಡುವುದೂ ಸುಲಭ. ಕಳ್ಳನಿಗೆ ಐದು ನಿಮಿಷದ ಕೆಲಸ, ನಿಮಗೆ ಜನ್ಮವಿಡೀ ತಲೆನೋವು.

ಹಂತ 7: ನೆಂಟರಿಗೆ ಬೇರೆ ಬಾಗಿಲು

ಮನೆಯಲ್ಲಿ ಮದುವೆ, ನೇಮ, ತಂಬಿಲ ಅಂತ ಐವತ್ತು ಜನ ಸೇರಿದರೆ ಊಟಕ್ಕಿಂತ ಮುಂಚೆ ಬರುವ ಪ್ರಶ್ನೆ ವೈಫೈ ಪಾಸ್‌ವರ್ಡ್ ಎಂತ ಅಂತ. ಕೊಡುವುದಿಲ್ಲ ಅನ್ನಲು ಆಗುತ್ತದಾ? ಅದಕ್ಕೇ ಇರುವುದು ಗೆಸ್ಟ್ ನೆಟ್‌ವರ್ಕ್. ಅದೇ ರೂಟರ್, ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಅದರಲ್ಲಿ ಸೇರಿದವರಿಗೆ ಇಂಟರ್‌ನೆಟ್ ಸಿಗುತ್ತದೆ, ನಿಮ್ಮ ಲ್ಯಾಪ್‌ಟಾಪ್, ಪ್ರಿಂಟರ್, ಸಿಸಿಟಿವಿ ಕಾಣುವುದಿಲ್ಲ. ಆದರೆ ಗೆಸ್ಟ್‌ಗಳಿಗೆ ಮನೆಯ ನೆಟ್‌ವರ್ಕ್ ಕಾಣಲಿ ಅನ್ನುವ ಟಿಕ್ ಮಾರ್ಕ್ ಒಂದಿರುತ್ತದೆ, ಅದನ್ನು ತೆಗೆದಿರಬೇಕು. ಇದನ್ನು ಮರೆತರೆ ಗೆಸ್ಟ್ ಅನ್ನುವುದು ಹೆಸರಿಗೆ ಮಾತ್ರ. ಕಾರ್ಯಕ್ರಮ ಮುಗಿದ ಮರುದಿನ ಗೆಸ್ಟ್ ಆಫ್ ಮಾಡಿ.

ಸ್ಮಾರ್ಟ್ ಬಲ್ಬ್, ಸ್ಮಾರ್ಟ್ ಪ್ಲಗ್ ತರದ ಸಾಮಾನನ್ನೂ ನಾನು ಗೆಸ್ಟ್‌ನಲ್ಲೇ ಹಾಕುತ್ತೇನೆ. ಅವುಗಳ ಕಂಪನಿ ಅಪ್‌ಡೇಟ್ ಕೊಡುತ್ತದೋ ಇಲ್ಲವೋ ಯಾರಿಗೆ ಗೊತ್ತು. ಅವುಗಳಲ್ಲಿ ಹೆಚ್ಚಿನವು 2.4ರಲ್ಲಿ ಮಾತ್ರ ಕೆಲಸ ಮಾಡುತ್ತವೆ ಅನ್ನುವುದು ನೆನಪಿರಲಿ.

ದೇರಳಕಟ್ಟೆ, ಸುರತ್ಕಲ್, ಮಣಿಪಾಲದ ಪಿಜಿಯವರಿಗೆ ಒಂದು ಮಾತು. ಮೂವತ್ತು ಹುಡುಗರಿಗೆ ಒಂದೇ ಪಾಸ್‌ವರ್ಡ್ ಕೊಟ್ಟರೆ ಕೋಣೆ ಬಿಟ್ಟು ಹೋದವರೂ ಗೇಟಿನ ಹೊರಗೆ ನಿಂತು ಬಳಸುತ್ತಾರೆ. ಡಬ್ಲ್ಯುಪಿಎ2ರಲ್ಲಿ ಪಾಸ್‌ವರ್ಡ್ ಗೊತ್ತಿದ್ದವನು ಮನಸ್ಸು ಮಾಡಿದರೆ ಇನ್ನೊಬ್ಬರ ಸಂಚಾರವನ್ನು ಇಣುಕಿ ನೋಡಲೂ ಸಾಧ್ಯ. ಬ್ಯಾಂಕ್ ಪುಟಗಳು ಎಚ್‌ಟಿಟಿಪಿಎಸ್ ಅಂದರೆ ಅವುಗಳದ್ದೇ ಮುಚ್ಚಿದ ಲಕೋಟೆಯಲ್ಲಿ ಹೋಗುವುದರಿಂದ ಪಾರು. ನಿಮ್ಮ ಸ್ವಂತ ಲೆಕ್ಕಪತ್ರದ ಕಂಪ್ಯೂಟರ್ ಆ ನೆಟ್‌ವರ್ಕಿನಲ್ಲಿ ಇರಲೇಬಾರದು. ಸೆಮಿಸ್ಟರ್‌ಗೊಮ್ಮೆ ಪಾಸ್‌ವರ್ಡ್ ಬದಲಿಸಿ. ಸಾಧ್ಯವಾದರೆ ಒಬ್ಬೊಬ್ಬರಿಗೆ ಬೇರೆ ಬೇರೆ ಲಾಗಿನ್ ಕೊಡುವ ವ್ಯವಸ್ಥೆ ಹಾಕಿಸಿ.

ಹಂತ 8: ಯಾರ್ಯಾರು ಒಳಗಿದ್ದಾರೆ?

ಈಗ ಎರಡನೆಯ ಪ್ರಶ್ನೆಗೆ ಉತ್ತರ. ರೂಟರ್ ಪುಟದಲ್ಲಿ ಕನೆಕ್ಟೆಡ್ ಡಿವೈಸ್, ಕ್ಲೈಂಟ್ ಲಿಸ್ಟ್ ಅಥವಾ ಡಿಎಚ್‌ಸಿಪಿ ಲಿಸ್ಟ್ ಅಂತ ಒಂದು ಪಟ್ಟಿ ಸಿಗುತ್ತದೆ. ಅದರಲ್ಲಿ ಅರ್ಥವಾಗದ ಹೆಸರು ಕಂಡ ತಕ್ಷಣ ಪಕ್ಕದ ಮನೆಯವರ ಜೊತೆ ಜಗಳಕ್ಕೆ ಹೋಗಬೇಡಿ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಈಚೆಗೆ ಫೋನ್‌ಗಳು ಗೋಪ್ಯತೆಗಾಗಿ ಸುಳ್ಳು ಮ್ಯಾಕ್ ವಿಳಾಸ ತೋರಿಸುತ್ತವೆ. ಆ ಅಪರಿಚಿತ ಸಾಧನ ನಿಮ್ಮದೇ ಮಗನ ಫೋನ್ ಆಗಿರಬಹುದು, ಸೆಟ್‌ಟಾಪ್ ಬಾಕ್ಸ್ ಆಗಿರಬಹುದು, ಇನ್ವರ್ಟರ್ ಆಗಿರಬಹುದು. ಮನೆಯ ಒಂದೊಂದೇ ಸಾಧನದ ವೈಫೈ ಆಫ್ ಮಾಡುತ್ತಾ ಬನ್ನಿ, ಪಟ್ಟಿಯನ್ನು ರಿಫ್ರೆಶ್ ಮಾಡಿ. ಪಟ್ಟಿ ನೋಡುತ್ತಿರುವ ಫೋನ್ ಬಿಟ್ಟು ಎಲ್ಲ ಆಫ್ ಆದ ಮೇಲೂ ಒಂದು ಉಳಿದರೆ ಅದು ಹೊರಗಿನವರದ್ದು ಇರಬಹುದು. ಹುಡುಕಿ ಬ್ಲಾಕ್ ಮಾಡುವುದಕ್ಕಿಂತ ಪಾಸ್‌ವರ್ಡ್ ಬದಲಿಸುವುದು ಸುಲಭ. ಎಲ್ಲರೂ ಹೊರಗೆ, ನಿಮ್ಮವರು ಮಾತ್ರ ಒಳಗೆ.

ದುಡ್ಡೇ ಹೋಗಿದ್ದರೆ ವೈಫೈ ರಿಪೇರಿ ಆಮೇಲೆ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ತಿಳಿಸಿ. ಎಷ್ಟು ಬೇಗ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ.

ಹೊರಗಿನ ವೈಫೈ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಸ್ಟೇಷನ್ನಿನಲ್ಲೋ ಹೋಟೆಲಿನಲ್ಲೋ ಕಾಣುವ ಹೆಸರನ್ನು ಯಾರು ಬೇಕಾದರೂ ತಮ್ಮ ಹಾಟ್‌ಸ್ಪಾಟಿಗೆ ಇಡಬಹುದು. ಯುಪಿಐ, ಬ್ಯಾಂಕ್ ಕೆಲಸಕ್ಕೆ ಮೊಬೈಲ್ ಡೇಟಾ ಸಾಕು. ತಾನಾಗಿ ಸೇರುವ ಆಯ್ಕೆಯನ್ನು ಫೋನಿನಲ್ಲಿ ಆಫ್ ಮಾಡಿಡಿ.

ಹಂತ 9: ಸಿಡಿಲು, ಕರೆಂಟು

ಇದು ಭದ್ರತೆಯ ಪಾಠದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಆದರೆ ನಮ್ಮಲ್ಲಿ ಹ್ಯಾಕರ್‌ಗಿಂತ ಹೆಚ್ಚು ರೂಟರ್ ತಿಂದದ್ದು ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆ, ಮತ್ತೆ ಅಕ್ಟೋಬರ್ ಹೊತ್ತಿಗೆ ಗುಡುಗು ಶುರುವಾದರೆ ಅಡಾಪ್ಟರನ್ನು ಪ್ಲಗ್ಗಿನಿಂದಲೇ ತೆಗೆಯಿರಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಕಂಬದಿಂದ ತಾಮ್ರದ ಲ್ಯಾನ್ ವಯರ್ ಬಂದವರು ಆ ವಯರನ್ನೂ ತೆಗೆಯಬೇಕು. ಹೆಚ್ಚಿನವರು ಅಡಾಪ್ಟರ್ ತೆಗೆದು ಇದನ್ನು ಮರೆಯುತ್ತಾರೆ, ಸಿಡಿಲು ಬರುವುದು ಅದರಲ್ಲೇ. ಫೈಬರ್ ಗಾಜು ಕರೆಂಟ್ ಹರಿಸುವುದಿಲ್ಲ, ಅದನ್ನು ಮುಟ್ಟಬೇಡಿ. ಗುಡುಗು ತಲೆಯ ಮೇಲೆ ಬಂದ ಮೇಲೆ ಯಾವ ವಯರಿಗೂ ಕೈ ಹಾಕಬೇಡಿ, ದೂರದಲ್ಲಿ ಇರುವಾಗಲೇ ಈ ಕೆಲಸ ಮುಗಿಸಿ.

ಕರೆಂಟ್ ಹೋದಾಗ ನೆಟ್ ಬೇಕೆಂದರೆ ರೂಟರ್‌ಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುಂಚೆ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ನೋಡಿ. ಹೆಚ್ಚಿನವು 12, ಕೆಲವು 9. 9ರದ್ದಕ್ಕೆ 12 ಕೊಟ್ಟರೆ ಸುಟ್ಟ ವಾಸನೆ ಬರುತ್ತದೆ. ಒಎನ್‌ಟಿ ಬೇರೆ ಇದ್ದರೆ ಅದಕ್ಕೂ ಬ್ಯಾಕಪ್ ಬೇಕು, ಒಂದಕ್ಕೆ ಮಾತ್ರ ಕೊಟ್ಟು ನೆಟ್ ಬರುವುದಿಲ್ಲ ಅಂತ ಅಂಗಡಿಯವನನ್ನು ಬೈಯಬೇಡಿ.

ಇಷ್ಟಾದ ಮೇಲೆ ಹೊಸ ಪಾಸ್‌ವರ್ಡನ್ನು ಎಲ್ಲ ಕಡೆ ಹಾಕುವ ಕೆಲಸ ಉಳಿಯುತ್ತದೆ. ಫೋನ್‌ಗಳು ಐದು ನಿಮಿಷದಲ್ಲಿ ಆಗುತ್ತವೆ, ಒಂದರಲ್ಲಿ ಹಾಕಿ ಕ್ಯುಆರ್ ತೋರಿಸಿದರೆ ಉಳಿದವು ಸ್ಕ್ಯಾನ್ ಮಾಡಿಕೊಳ್ಳುತ್ತವೆ. ಟಿವಿ, ಪ್ರಿಂಟರ್, ಬಾಗಿಲಿನ ಕ್ಯಾಮೆರಾ ಮರೆತುಹೋಗುವಂಥವು. ಕ್ಯಾಮೆರಾ ಸೇರಿದೆಯಾ ಅಂತ ಅವತ್ತು ರಾತ್ರಿಯೇ ನೋಡಿಕೊಳ್ಳಿ. ನೋಟ್‌ಬುಕ್ಕಿನ ಆ ಹಾಳೆಯನ್ನು ಫ್ರಿಡ್ಜ್ ಬಾಗಿಲಿಗೆ ಅಂಟಿಸಬೇಡಿ, ಗ್ಯಾಸ್ ಪುಸ್ತಕದ ಜೊತೆ ಒಳಗಿಡಿ. ರೂಟರ್ ಹಿಂದಿನ ಸ್ಟಿಕ್ಕರ್ ಮೇಲಿನ ಹಳೇ ಪಾಸ್‌ವರ್ಡ್ ಇನ್ನು ಯಾರಿಗೆ ಕಂಡರೂ ತೊಂದರೆ ಇಲ್ಲ.